ನಾದಿನಿಯ ಅಭ್ಯಾಸ ಪಾಠ

"ಆಮೇಲೆ ಏನಾಯ್ತು ಗೊತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ ನಾದಿನಿ ಉತ್ತರಕ್ಕೆ ಕಾಯಲಿಲ್ಲ, ತಾನೇ ಮುಂದುವರಿಸಿದಳು. ಹೋಟೆಲಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಅವಳು, ಟೈ ಕಟ್ಟಿಕೊಂಡು ಬೆವರುತ್ತಿದ್ದ ಒಬ್ಬ ಮದುಮಗ, ತಳ್ಳುಗಾಡಿಯ ಮೇಲೆ ಮದುವೆಯ ಕೇಕು. ಕೂಗಿದೆವು, ಬಾಗಿಲು ಬಡಿದೆವು, ಕಾದೆವು, ಹಸಿವಾಯಿತು, ಕೊನೆಗೆ ಕೇಕನ್ನು ಯಾರಿಗೂ ಕಾಣದ ಹಿಂಭಾಗದಿಂದ ತಿನ್ನತೊಡಗಿದೆವು. ಅರ್ಧ ಮಾತು, ಅರ್ಧ ಅಭಿನಯ. ಒಂದೊಂದು ಕ್ರಿಯಾಪದ ಬಂದಾಗಲೂ ಅವಳ ಬೆರಳು ಬೋರ್ಡಿನ ಕಡೆ ಹೋಗುತ್ತಿತ್ತು. ಭೂತಕಾಲದ ರೂಪಗಳನ್ನು ಅಲ್ಲಿ ದುಂಡಗೆ ಬರೆದಿಟ್ಟಿದ್ದಳು. ಇಂಗ್ಲಿಷ್ ಕಲಿಯಲು ಬಂದು ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಲ್ಲೊಬ್ಬನಾದ ಬೇಕರಿಯವನಂತೂ ಕಣ್ಣೊರೆಸಿಕೊಂಡ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಪರಿಶೀಲಕರೂ ನಕ್ಕರು.

ಅವರ ಪಕ್ಕದಲ್ಲಿದ್ದ ಮೇಡಂ ಮಾತ್ರ ಮಡಿಲಲ್ಲಿದ್ದ ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು. ಈ ತರಬೇತಿ ಸಂಸ್ಥೆಯ ಮುಖ್ಯಸ್ಥೆ ಅವರು. ಇಂಗ್ಲಿಷ್ ಕಲಿಸಬೇಕೆಂದಿರುವವರಿಗೆ, ಕಲಿಸುವುದು ಹೇಗೆಂದು ಹೇಳಿಕೊಡುವುದೇ ಅವರ ಕಸುಬು. ಯಾವ ಪಾಠ ಎಲ್ಲಿ ಕುಂಟುತ್ತಿದೆ ಎಂಬುದು ಬಾಗಿಲಾಚೆ ನಿಂತರೂ ಅವರ ಕಿವಿಗೆ ತಿಳಿಯುತ್ತಿತ್ತು. ಈ ಪಾಠ ಕುಂಟುತ್ತಿರಲಿಲ್ಲ, ಓಡುತ್ತಿತ್ತು. ಆದರೆ ಓಡುತ್ತಿದ್ದವಳು ಒಬ್ಬಳೇ. ಕಲಿಯಲು ಬಂದವರ ಬಾಯಿಂದ 'ಯಸ್', 'ನೋ' ಬಿಟ್ಟರೆ ಇಷ್ಟು ಹೊತ್ತಾದರೂ ಒಂದು ಮಾತು ಹೊರಟಿರಲಿಲ್ಲ.

ಪಾಠ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾದಿನಿ ಹಿಂದಿನ ಸಾಲಿನತ್ತ ತಿರುಗಿ, ತನ್ನ ಅತ್ತಿಗೆಯಾದ ಮೇಡಂಗೆ ಮಾತ್ರ ಕಾಣುವಂತೆ ಹುಬ್ಬು ಹಾರಿಸಿದಳು.

ಸಂಸ್ಥೆ ಎಂದರೆ ದೊಡ್ಡ ಮಾತಾಯಿತು. ಪೇಟೆ ಬೀದಿಯ ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿ ಅದು. ಎರಡು ಕೋಣೆ, ಗಾಜಿನ ಬಾಗಿಲಿನ ಒಂದು ಪುಟ್ಟ ಆಫೀಸು. ಪಾಠ ಮೇಡಂ ನೋಡಿಕೊಂಡರೆ ಉಳಿದದ್ದನ್ನೆಲ್ಲ ಅವರ ಗಂಡ ನೋಡಿಕೊಳ್ಳುತ್ತಿದ್ದರು. ಬಹಳ ವರ್ಷ ಎಲ್ಲವೂ ಸಲೀಸಾಗಿ ನಡೆದಿತ್ತು. ತರಬೇತಿಗೆ ಬಂದವರು ಪರಸ್ಪರರಿಗೇ ಪಾಠ ಮಾಡುತ್ತಿದ್ದರು. ಇಂಗ್ಲಿಷ್ ಚೆನ್ನಾಗಿ ಬರುವವರೇ ಏನೂ ಬಾರದವರ ಹಾಗೆ ಬೆಪ್ಪು ಮುಖ ಮಾಡಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ಕೊನೆಯ ದಿನ ಎಲ್ಲರಿಗೂ ಪ್ರಮಾಣಪತ್ರ, ಗುಂಪಿನ ಫೋಟೋ. ಆಮೇಲೆ ಶಾಲೆಗಳು "ಇದಕ್ಕೆ ಯಾವ ಮಂಡಳಿಯ ಮಾನ್ಯತೆ ಇದೆ?" ಎಂದು ಕೇಳತೊಡಗಿದವು. ಗಂಡ ಹೆಂಡತಿ ಅರ್ಜಿ ಹಾಕಿದರು. ಮಂಡಳಿಯವರು ಪರಿಶೀಲಕರನ್ನು ಕಳಿಸಿದರು.

ಪರಿಶೀಲಕರು ಮೆಲುಮಾತಿನ ಮನುಷ್ಯ. ಮೊದಲ ಸಲ ಬಂದಾಗ ಬೆಂಚಿನಿಂದ ಹಿಡಿದು ಕಪಾಟಿನ ಪುಸ್ತಕದವರೆಗೆ ಎಲ್ಲ ನೋಡಿದರು. ಅಭ್ಯಾಸ ಪಾಠಕ್ಕೆ ನಟನೆಯವರು ಬೇಡ, ನಿಜವಾಗಿ ಕಲಿಯಬೇಕಾದವರೇ ಇರಬೇಕು ಎಂದರು. ಅಂಕ ಒಬ್ಬರೇ ಹಾಕಬಾರದು, ಇಬ್ಬರು ಹಾಕಬೇಕು. ನೆಂಟರಿದ್ದರೆ ಮೊದಲೇ ತಿಳಿಸಬೇಕು ಎಂದರು. ಕೊನೆಗೆ, "ಫೇಲಾದವರ ಫೈಲ್ ಎಲ್ಲಿಟ್ಟಿದೀರಿ?" ಎಂದು ಕೇಳಿದರು.

"ಇಲ್ವೇ ಇಲ್ಲ ಸಾರ್," ಎಂದು ಮೇಡಂ ಗಂಡ ಎದೆಯುಬ್ಬಿಸಿ ಹೇಳಿದರು. "ಇಲ್ಲೀವರೆಗೂ ನಮ್ಮಲ್ಲಿ ಒಬ್ಬರೂ ಫೇಲಾಗಿಲ್ಲ!"

"ಅದೇ ನನಗೆ ಸ್ವಲ್ಪ ಹೆದರಿಕೆ," ಎಂದರು ಪರಿಶೀಲಕರು.

ಗಂಡನಿಗೆ ಆ ಮಾತು ಊಟಕ್ಕೆ ಕೂತರೂ ಬಿಡಲಿಲ್ಲ. "ಫೇಲಾದವರನ್ನ ಈಗ ಎಲ್ಲಿಂದ ತರೋದು ಕಣೇ? ಬಾಡಿಗೆಗೆ ಸಿಗ್ತಾರಾ?"

ಮೇಡಂ ಬೀದಿಯ ಅಂಗಡಿ ಅಂಗಡಿಗೂ ಹೋಗಿ ಕಲಿಯುವವರನ್ನು ಹುಡುಕಿ ತಂದರು. ಬೇಕರಿಯವನು ಬಂದ, ಮೂಲೆಯ ಆಸ್ಪತ್ರೆಯ ಇಬ್ಬರು ನರ್ಸುಗಳು ಬಂದರು, ಹೊಲಿಗೆಯವಳು, ಟ್ಯಾಕ್ಸಿಯವನು ಬಂದರು. ಅವರಿಗೆ ಪಾಠ ಮಾಡಬೇಕಾದ ಆ ಸಲದ ತರಬೇತಿ ತಂಡಕ್ಕೆ ಸೇರಿದ್ದಳು ನಾದಿನಿ, ಮೇಡಂ ಗಂಡನ ತಂಗಿ. ಒಂದೇ ಮನೆ; ಹಿಂದಿನ ಭಾಗದಲ್ಲಿ ಅವಳು ಮತ್ತು ರೈಲು ಓಡಿಸುವ ಅವಳ ಗಂಡ ಇರುತ್ತಿದ್ದರು, ಅಡುಗೆ ಊಟ ಎಲ್ಲ ಒಟ್ಟಿಗೆ. ಮದುವೆಗೆ ಮೊದಲಿನಿಂದಲೂ ಅವಳು ಒಂದು ಹೋಟೆಲಿನ ಸ್ವಾಗತದ ಮೇಜಿನ ಹಿಂದೆ ನಿಂತು ಮಾತಾಡಿದವಳು. ಹೋಟೆಲು ಮುಚ್ಚಿತು, ಮಾತು ಮುಚ್ಚಲಿಲ್ಲ. ಮನೆಯಲ್ಲಿ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಪೇಟೆಯಾಚೆಯ ಭಾಷಾ ಶಾಲೆಯೊಂದು, ಮಾನ್ಯತೆ ಇರುವ ಪ್ರಮಾಣಪತ್ರ ತಂದರೆ ಸಂಜೆಯ ತರಗತಿ ಕೊಡುತ್ತೇವೆ ಎಂದಿತ್ತು. ಆ ದಿನದಿಂದ ಅವಳ ನಡಿಗೆಯೇ ಬದಲಾಗಿತ್ತು.

ಅಭ್ಯಾಸ ಪಾಠ ಮುಗಿದ ಮೇಲೆ ಮೂವರು ಆಫೀಸಿನಲ್ಲಿ ಕೂತರು: ಪರಿಶೀಲಕರು, ಮೇಡಂ, ಮತ್ತು ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಕಿರಿಯ ಮೇಷ್ಟ್ರು. ಗಂಡ ಚಹಾ ತಂದಿಟ್ಟು ಹೊರಗೆ ಹೋದರು. ಆದರೆ ಅವರ ನೆರಳು ಬಾಗಿಲಿನ ಮಬ್ಬುಗಾಜಿನಾಚೆ ನಿಂತೇ ಇತ್ತು.

"ಮೇಡಂ, ಸಂಬಂಧ ಇದೆ ಅಂತ ನೀವು ಮೊದಲೇ ತಿಳಿಸಿದ್ರಿ, ಒಳ್ಳೇದಾಯ್ತು," ಎಂದರು ಪರಿಶೀಲಕರು. "ನಿಮ್ಮ ಅಂಕ ಬೇಡ. ನಮ್ಮಿಬ್ಬರದು ಸಾಕು. ಮೇಷ್ಟ್ರೇ, ನಿಮ್ಮದು?"

"ಪಾಸು ಸಾರ್."

"ನಂದೂ ಪಾಸು. ಬಹಳ ಮೇಲಿನದೇನಲ್ಲ, ಆದ್ರೂ ಪಾಸು. ಕಲಿಯೋರು ಇಷ್ಟು ಖುಷಿಯಾಗಿ ಕೂತಿದ್ದು ನೋಡಿ ಎಷ್ಟು ದಿನ ಆಗಿತ್ತೋ. ಮುಖ್ಯಸ್ಥರು ಇಲ್ಲೊಂದು ಸಹಿ ಹಾಕಿಬಿಟ್ರೆ ಆಯ್ತು."

ಮೇಡಂ ಪೆನ್ನು ಕೈಗೆ ತೆಗೆದುಕೊಂಡರು. ಮುಚ್ಚಳ ತೆಗೆಯಲಿಲ್ಲ. ಎಷ್ಟು ಸುಲಭವಾಗಿತ್ತು! ಅವರೇನೂ ಸುಳ್ಳು ಹೇಳಬೇಕಾಗಿರಲಿಲ್ಲ, ಯಾರ ಕಾಲೂ ಹಿಡಿಯಬೇಕಾಗಿರಲಿಲ್ಲ. ನಿಯಮವೇ ಅವರನ್ನು ಪಕ್ಕಕ್ಕೆ ಕೂರಿಸಿ, ನಿನಗೂ ಇದಕ್ಕೂ ಸಂಬಂಧವಿಲ್ಲ ಎಂದಿತ್ತು. ಸಹಿ ಹಾಕಿ ಎದ್ದರೆ ಇವತ್ತಿನ ಊಟದ ಹೊತ್ತಿಗೆ ಮನೆಯಲ್ಲಿ ಹಬ್ಬ.

"ಸಾರ್," ಎಂದರು. "ಬೇಕರಿಯವರು ಇವತ್ತು ಇಂಗ್ಲಿಷಲ್ಲಿ ಹೇಳಿದ ಒಂದು ವಾಕ್ಯ ಹೇಳಿ ನೋಡೋಣ."

ಪರಿಶೀಲಕರು ಯೋಚಿಸಿದರು. "ಅವರು... ನಕ್ಕರು."

"ನಕ್ಕರು. ನರ್ಸುಗಳು?"

ಕಿರಿಯ ಮೇಷ್ಟ್ರು ತಾವು ಬರೆದುಕೊಂಡಿದ್ದ ಹಾಳೆಯನ್ನು ತಿರುವಿದರು. "ಇದರಲ್ಲಿ ಪೂರ್ತಿ ನಿಮ್ಮ ನಾದಿನಿ ಹೇಳಿದ್ದೇ ಇದೆ. ಲಿಫ್ಟು, ಕೇಕು..."

"ಲಿಫ್ಟಿನ ಕಥೆ ನಮಗೆ ನೆನಪಿದೆ. ಅವರಿಗೂ ನೆನಪಿರುತ್ತೆ. ಆದರೆ ನಾಳೆ ಆ ಹುಡುಗೀರು ಡ್ಯೂಟಿಗೆ ಹೋಗಿ, ನಿನ್ನೆ ಈ ರೋಗಿಗೆ ಜ್ವರ ಬಂತು, ನಾನು ಮಾತ್ರೆ ಕೊಟ್ಟೆ ಅಂತ ಹೇಳಬೇಕಲ್ಲ? ಒಂದ್ಸಲನಾದ್ರೂ ಇಲ್ಲಿ ಅದನ್ನ ಬಾಯಲ್ಲಿ ಆಡಿಸಿದಾರಾ?"

ಮಬ್ಬುಗಾಜಿನಾಚೆಯ ನೆರಳು ಸ್ವಲ್ಪ ಬಾಗಿತು.

"ಮೇಡಂ, ನಿಯಮದ ಪ್ರಕಾರ ನಿಮ್ಮ ಅಭಿಪ್ರಾಯ ಇಲ್ಲಿ ಲೆಕ್ಕಕ್ಕಿಲ್ಲ."

"ನೆಂಟರನ್ನ ಪಾಸು ಮಾಡಿಸಬಾರದು ಅಂತ ತಾನೇ ಸಾರ್ ಆ ನಿಯಮ? ಫೇಲು ಮಾಡಿಸಬಾರದು ಅಂತ ಯಾರೂ ಯೋಚನೇನೇ ಮಾಡಿರಲ್ಲ."

ಪರಿಶೀಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ. ಮನೇಲಿ ಏನಾದ್ರೂ... ಮನಸ್ತಾಪ?" ಎಂದು ಕೇಳಿದರು.

ಅವತ್ತು ಮೊದಲ ಬಾರಿಗೆ ಮೇಡಂ ನಕ್ಕರು. "ನನಗೆ ಭುಜ ನೋವು, ಕೈ ಎತ್ತೋಕಾಗಲ್ಲ. ಬೆಳಿಗ್ಗೆ ನನ್ನ ತಲೆ ಬಾಚಿ ಕಳಿಸಿದ್ದೇ ಅವಳು ಸಾರ್."

ಕಿರಿಯ ಮೇಷ್ಟ್ರು ತಲೆ ತಗ್ಗಿಸಿ, "ನಾನೂ ನಗ್ತಾ ಕೂತುಬಿಟ್ಟೆ. ನೋಡಬೇಕಾದ್ದು ನೋಡಲಿಲ್ಲ," ಎಂದು ತಮ್ಮ ಅಂಕ ಹೊಡೆದುಹಾಕಿದರು. ಪರಿಶೀಲಕರು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡರು. ತಣ್ಣಗಾದ ಚಹಾ ಕುಡಿದು ಮುಗಿಸಿ, ಆಮೇಲೆ ತಾವೂ ತಿದ್ದಿದರು.

"ನಾನೇ ಹೇಳಿಬಿಡ್ತೀನಿ ಅವರಿಗೆ."

"ಬೇಡಿ ಸಾರ್. ನಾನು ಹೇಳ್ತೀನಿ."

ನಾದಿನಿ ಖಾಲಿ ಕೋಣೆಯಲ್ಲಿ ಬೋರ್ಡು ಒರೆಸುತ್ತಿದ್ದಳು. ಅತ್ತಿಗೆಯನ್ನು ಕಂಡವಳೇ, "ಆ ಸಾರ್ ನಕ್ಕಿದ್ದು ನೋಡಿದ್ರಾ ಅತ್ತಿಗೆ? ಹಲ್ಲು ಕಾಣಿಸ್ತು! ಅವರಿಗೆ ಹಲ್ಲಿದೆ ಅಂತಾನೇ ನಾವ್ಯಾರೂ ಅಂದ್ಕೊಂಡಿರಲಿಲ್ಲ," ಎಂದಳು.

"ಕೂತ್ಕೋ."

"ನಿಂತೇ ಕೇಳ್ತೀನಿ, ಹೇಳಿ."

"ಪಾಸಾಗಲಿಲ್ಲ ಕಣಮ್ಮ."

ನಾದಿನಿಯ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು, ಹೊರಡುವುದಕ್ಕೆ ದಾರಿ ತಿಳಿಯದೆ ನಿಂತ ಹಾಗೆ. "ಎಲ್ಲರೂ ಚಪ್ಪಾಳೆ ಹೊಡೆದ್ರಲ್ಲ?"

"ಹೊಡೆದ್ರು. ನಿನಗೆ ಹೊಡೆದ್ರು, ಪಾಠಕ್ಕಲ್ಲ. ನೀನು ಅವರ ಬಾಯಿಂದ ಒಂದು ಮಾತು ಆಡಿಸಲಿಲ್ಲ."

"ಆ ಸಾರ್ ಫೇಲು ಮಾಡಿದ್ದಾ?"

ಹೌದು ಎಂದುಬಿಡಬಹುದಿತ್ತು. ಅವರು ಸಂಜೆಗೆ ತಮ್ಮ ಊರಿಗೆ ಹೊರಡುವವರು. ಈ ಬೈಗುಳವನ್ನೂ ಹೊತ್ತುಕೊಂಡು ಹೋಗುತ್ತಿದ್ದರು, ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಮೇಡಂ ಬೆಂಚಿನ ಅಂಚನ್ನು ಹಿಡಿದುಕೊಂಡರು.

"ಅವರಿಬ್ಬರೂ ಪಾಸು ಅಂದಿದ್ರು. ನಾನು ಒಪ್ಪಲಿಲ್ಲ."

ನಾದಿನಿ ಡಸ್ಟರನ್ನು ಬೋರ್ಡಿನ ಕೆಳಗಿನ ಪಟ್ಟಿಯ ಮೇಲಿಟ್ಟಳು. ವಾರೆಯಾಗಿದ್ದುದನ್ನು ನೆಟ್ಟಗೆ ಮಾಡಿದಳು. ಚೀಲ ತೆಗೆದುಕೊಂಡು, ಒಂದು ಮಾತೂ ಆಡದೆ ಮೆಟ್ಟಿಲಿಳಿದು ಹೋದಳು.

ಆ ವಾರ ಮನೆಯಲ್ಲಿ ರೇಡಿಯೋ ನಿಂತುಹೋಯಿತು. ನಾದಿನಿ ಊಟಕ್ಕೆ ಬರುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು, ಬೆಳಿಗ್ಗೆ ಹೇಳದೆಯೇ ಬಾಚಣಿಗೆ ಹಿಡಿದು ಬಂದು ಅತ್ತಿಗೆಯ ಹಿಂದೆ ನಿಲ್ಲುತ್ತಿದ್ದಳು, ಅದನ್ನೆಲ್ಲ ಬಿಟ್ಟಿರಲಿಲ್ಲ. ಮಾತು ಮಾತ್ರ ಬಿಟ್ಟಿದ್ದಳು. ಬಾಚಣಿಗೆ ಮೊದಲಿಗಿಂತ ಸ್ವಲ್ಪ ಬಿರುಸಾಗಿ ಓಡುತ್ತಿತ್ತು, ಅಷ್ಟೇ. ಭಾಷಾ ಶಾಲೆಯ ಸಂಜೆಯ ತರಗತಿ ಬೇರೊಬ್ಬರ ಪಾಲಾಯಿತು. ಮುಂದೆ ಬೆಳಗಿನದೊಂದು ಶುರುವಾದರೆ ನೋಡೋಣ ಎಂದರಂತೆ. ಅದನ್ನು ಅವಳು ಅಣ್ಣನಿಗೆ ಹೇಳಿದಳು, ಅತ್ತಿಗೆಗೆ ಹೇಳಲಿಲ್ಲ.

ಗಂಡ ಕೋಪ ಬಂದಾಗ ಹೆಂಡತಿಯನ್ನು 'ಮೇಡಂ' ಎಂದೇ ಕರೆಯುತ್ತಿದ್ದರು. "ಫೇಲಾದವರು ಬೇಕಾಗಿತ್ತು, ಅಲ್ವಾ ಮೇಡಂ? ದೂರ ಹೋಗೋದೇ ಬೇಡ ಅಂತ ಮನೇಲೇ ಹುಡುಕಿಬಿಟ್ರಿ."

"ಬೇರೆಯವರ ತಂಗಿಯಾಗಿದ್ರೆ ನೀವೇ ಫೇಲು ಮಾಡು ಅಂತಿದ್ರಿ."

ಗಂಡ ಗೋಡೆಯತ್ತ ತಿರುಗಿದರು. "ಗಡಿಯಾರದ ಸದ್ದು ಕೇಳಿಸ್ತಿದೆ ಕಣೇ. ಇಷ್ಟು ವರ್ಷ ಅದು ನಡೀತಿದೆ ಅಂತಾನೇ ನನಗೆ ಗೊತ್ತಿರಲಿಲ್ಲ," ಎಂದರು.

ನಾದಿನಿಯ ಗಂಡ ದೂರದ ಪಾಳಿ ಮುಗಿಸಿ ಬಂದ ದಿನ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತರು. ಅವರು ಮೊದಲಿನಿಂದಲೂ ಮೌನಿ. ನಗುವ ಕಡೆ ನಕ್ಕು, ತಲೆಯಾಡಿಸುವ ಕಡೆ ತಲೆಯಾಡಿಸಿ ಎದ್ದುಹೋಗುವವರು. ಅವತ್ತು ಅವರು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಯಾರೂ ಏನೂ ಹೇಳುವ ಹಾಗೆ ಕಾಣಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಮೊನ್ನೆ ಒಂದು ಕುದುರೆ ಸಿಕ್ಕಿತ್ತು," ಎಂದರು.

ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು.

"ಬೆಳಗಿನ ಮಂಜು. ಹಳಿ ಪಕ್ಕದಲ್ಲೇ ಓಡ್ತಿತ್ತು, ಎಂಜಿನ್ ಜೊತೆಗೇ. ಬಿಳೀದು. ಯಾರದ್ದೋ ಏನೋ, ಕಡಿವಾಣ ಇರಲಿಲ್ಲ."

ನಾದಿನಿಯ ಬಾಯಿ ತೆರೆಯಿತು. ಕುದುರೆಯ ಬಗ್ಗೆ ಅವಳ ಹತ್ತಿರ ಕಥೆಯೊಂದು ಇದ್ದೇ ಇತ್ತು. ಅದು ನಾಲಿಗೆಯ ತುದಿಗೆ ಬಂದದ್ದು ಮೇಡಂಗೂ ಕಂಡಿತು. ಆದರೆ ಅವಳು ಅದನ್ನು ನುಂಗಿಕೊಂಡು, ಆ ವಾರ ಊಟಕ್ಕೆ ಕೂತಾಗ ಮೊದಲ ಸಲ ಒಂದು ಮಾತು ಆಡಿದಳು. "ಆಮೇಲೆ?"

ಅವಸರವಿಲ್ಲದ ಮನುಷ್ಯ. ನೀರು ಕುಡಿದರು. ಲೋಟ ಕೆಳಗಿಟ್ಟರು. ನಾದಿನಿ ಕಾದಳು.

"ಆಮೇಲೆ ಅದು ತಲೆ ಎತ್ತಿ ನನ್ನ ಕಡೆ ನೋಡ್ತು. ಹಾರ್ನ್ ಹಾಕೋಣ ಅಂದ್ಕೊಂಡೆ. ಹಾಕಲಿಲ್ಲ, ಪಾಪ ಹೆದರೀತು ಅಂತ. ಸ್ವಲ್ಪ ನಿಧಾನ ಮಾಡಿದೆ. ಅದೂ ನಿಧಾನ ಮಾಡ್ತು. ಸೇತುವೆ ಬರೋವರೆಗೂ ಹಾಗೇ ಹೋದ್ವಿ ಇಬ್ಬರೂ. ಸೇತುವೆ ಹತ್ರ ಅದು ನಿಂತುಕೊಳ್ತು. ನಾನು ನಿಲ್ಲೋ ಹಾಗಿರಲಿಲ್ಲವಲ್ಲ."

ನಾದಿನಿ ಗಂಡನತ್ತ ತಿರುಗಿ, "ಇಷ್ಟು ವರ್ಷ ಇಂಥದ್ದೆಲ್ಲ ಯಾಕ್ರೀ ಹೇಳಲೇ ಇಲ್ಲ ನೀವು?" ಎಂದಳು.

"ನೀನು ಹೇಳ್ತಿದ್ದೆಯಲ್ಲ," ಎಂದರು ಅವರು, ಮತ್ತೆ ಅನ್ನಕ್ಕೆ ಕೈಹಾಕುತ್ತ. "ಚೆನ್ನಾಗಿರ್ತಿತ್ತು."

ಮರುದಿನ ಬೆಳಿಗ್ಗೆ ಮೇಡಂ ಒಣಗಿದ ಬಟ್ಟೆ ಮಡಚುತ್ತಿದ್ದಾಗ ನಾದಿನಿ ಬಂದು ಎದುರು ಕೂತಳು. ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಎಳೆದು, ಕೊಡವಿ, ಅರ್ಧಕ್ಕೆ ಮಡಚಿದರು.

"ಹೋಟೆಲಲ್ಲಿ ಹೀಗೇ ಅತ್ತಿಗೆ," ಎಂದಳು ನಾದಿನಿ. "ರೂಮು ಸಿದ್ಧ ಇರ್ತಿರಲಿಲ್ಲ, ಬಂದವರು ಸಿಡಿಮಿಡಿ ಅಂತಿರ್ತಿದ್ರು. ನಾನು ಮಾತಾಡ್ತಾ ಇದ್ರೆ ಅವರಿಗೆ ಕೋಪ ಮರೆತುಹೋಗ್ತಿತ್ತು. ಇಲ್ಲೂ ಅಷ್ಟೇ. ನಾನು ನಿಲ್ಲಿಸಿದ್ರೆ ಯಾರಾದ್ರೂ ವ್ಯಾಕರಣ ಕೇಳಿಬಿಡ್ತಾರೆ. ನನಗೇನು ಗೊತ್ತು? ಎಲ್ಲ ಕೇಳಿ ಕಲಿತ ಇಂಗ್ಲಿಷು. ಬಣ್ಣ ಬಯಲಾಗಿಬಿಡುತ್ತೆ."

"ಕೇಳಿದ್ರೆ, ಗೊತ್ತಿಲ್ಲ, ನೋಡ್ಕೊಂಡು ನಾಳೆ ಹೇಳ್ತೀನಿ ಅನ್ನು."

"ಅಷ್ಟೇನಾ?"

"ಅಷ್ಟೇ."

"ಇದನ್ನ ಕೋರ್ಸಲ್ಲಿ ಯಾಕೆ ಹೇಳಿಕೊಡಲಿಲ್ಲ ನೀವು?"

"ಹೇಳಿಕೊಟ್ಟಿದ್ದೆ. ನೀನು ಪಕ್ಕದವಳ ಹತ್ರ ಮಾತಾಡ್ತಿದ್ದೆ."

ನಾದಿನಿಗೆ ನಗು ಬಂದುಬಿಟ್ಟಿತು. ಕೈಯಲ್ಲಿದ್ದ ಹೊದಿಕೆ ಜಾರಿತು. ಮತ್ತೆ ಮೊದಲಿನಿಂದ ಮಡಚಬೇಕಾಯಿತು.

ಮಂಡಳಿಯ ಪತ್ರ ಬಂತು. ಮಾನ್ಯತೆ ಸಿಕ್ಕಿತ್ತು, ಆದರೆ ಷರತ್ತುಗಳೊಂದಿಗೆ: ನೆಲಕ್ಕೆ ಬಿಗಿದ ಬೆಂಚು ತೆಗೆಸಿ ಎಳೆದಾಡಬಹುದಾದ ಕುರ್ಚಿ ಹಾಕಿಸಬೇಕು, ಕಪಾಟಿಗೆ ಪುಸ್ತಕ ಸೇರಿಸಬೇಕು, ಎಲ್ಲ ಸರಿಹೋಗಿದೆಯೇ ಎಂದು ನೋಡಲು ಪರಿಶೀಲಕರು ಇನ್ನೊಮ್ಮೆ ಬರುತ್ತಾರೆ. ಆಗಲೇ ನಾದಿನಿ ಮತ್ತೊಂದು ಅಭ್ಯಾಸ ಪಾಠ ಮಾಡಬಹುದು. ಗಂಡ ಹೊಸ ಫೈಲೊಂದನ್ನು ತಂದು ಬೆನ್ನ ಮೇಲೆ ದೊಡ್ಡದಾಗಿ 'ಫೇಲಾದವರು' ಎಂದು ಬರೆದು ಕಪಾಟಿನಲ್ಲಿಟ್ಟರು. ನಾದಿನಿ ಅದನ್ನು ತೆಗೆದು ನೋಡಿದಳು. ಒಂದೇ ಒಂದು ಹಾಳೆ ಇತ್ತು, ಅವಳದ್ದೇ.

"ನಾನೊಬ್ಬಳೇನಾ ಇದರಲ್ಲಿ? ಜೊತೆಗೆ ಇನ್ನೊಬ್ಬರನ್ನಾದ್ರೂ ಹಾಕೋ ಅಣ್ಣ, ಬೇಜಾರಾಗುತ್ತೆ."

ಸಂಜೆಯ ಹೊತ್ತು ಅಣ್ಣನನ್ನೇ ಕೂರಿಸಿಕೊಂಡು ಅಭ್ಯಾಸ ಮಾಡಿದಳು. ನಿನ್ನೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿ, ಕೈಯೊರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಅಣ್ಣ ಬೇಕೆಂದೇ ಸೂರು ನೋಡುತ್ತ, ಗಡ್ಡ ಕೆರೆದುಕೊಳ್ಳುತ್ತ, "ಐ..." ಎಂದು ನಿಲ್ಲಿಸುತ್ತಿದ್ದರು. ಅವಳ ಕಣ್ಣು ಅಗಲವಾಗುತ್ತಿತ್ತು, ಮುಖ ಕೆಂಪಾಗುತ್ತಿತ್ತು. "ಇಲ್ಲ ಅತ್ತಿಗೆ, ಇದು ನನ್ನ ಕೈಲಾಗಲ್ಲ, ಇವನ ಬದಲು ನಾನೇ ಹೇಳಿಬಿಡ್ತೀನಿ!" ಎಂದು ಕೂಗಿಕೊಂಡರೂ ಮರುದಿನ ಮತ್ತೆ ಕೂರಿಸುತ್ತಿದ್ದಳು.

ಎರಡನೆಯ ಪಾಠದ ದಿನ ಮೇಡಂ ಮೇಲೆ ನಿಲ್ಲಲಿಲ್ಲ. ಪರಿಶೀಲಕರು ಹೊರಗಿನಿಂದ ಇನ್ನೊಬ್ಬ ತರಬೇತುದಾರರನ್ನು ಕರೆತಂದಿದ್ದರು. "ಸಂಬಂಧಿಕರು ಈ ಸಲ ಒಳಗೂ ಬೇಡ," ಎಂದರು ಪರಿಶೀಲಕರು, ನಗುತ್ತಲೇ. ಮೇಡಂ ಕೆಳಗಿಳಿದು, ಬೀದಿಯಲ್ಲಿ ಬಿಸಿಲಿದ್ದುದರಿಂದ, ಚಪ್ಪಲಿ ಅಂಗಡಿಯೊಳಕ್ಕೆ ಹೋಗಿ ಕೂತರು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಒಂದು ಜೊತೆ ಶೂ ತೋರಿಸಲು ಹೇಳಿದರು.

ಮೇಲಿನಿಂದ ಏನೂ ಕೇಳಿಸುತ್ತಿರಲಿಲ್ಲ. ನಾದಿನಿಯ ದನಿ ಸಾಮಾನ್ಯವಾಗಿ ಗೋಡೆ ದಾಟಿ ಬರುವಂಥದ್ದು. ಸದ್ದೇ ಇಲ್ಲ. ಭಯಪಟ್ಟು ನಿಂತುಬಿಟ್ಟಳೇ? ಮೇಡಂ ಎಡಗಾಲಿಗೆ ಶೂ ಹಾಕಿಕೊಂಡು, ಕಟ್ಟದೆ, ಸೂರನ್ನು ನೋಡುತ್ತ ಕೂತರು. ಆಗ ಒಂದು ಕುರ್ಚಿ ಎಳೆದ ಸದ್ದಾಯಿತು. ಇನ್ನೊಂದು. ಆಮೇಲೆ ಒಟ್ಟಿಗೇ ಹಲವು ಹೆಜ್ಜೆಗಳು ಅತ್ತಿಂದಿತ್ತ ಓಡಾಡಿದವು. ಗಂಡು ಹೆಣ್ಣು ದನಿಗಳು ಒಂದರ ಮೇಲೊಂದು ಬಿದ್ದವು. ಅದರಲ್ಲಿ ನಾದಿನಿಯದು ಯಾವುದೆಂದು ಗೊತ್ತಾಗಲಿಲ್ಲ.

"ಮೇಲೆ ಏನು ನಡೀತಿದೆ ಮೇಡಂ, ಸಂತೆನಾ?" ಎಂದಳು ಅಂಗಡಿಯವಳು.

"ಪಾಠ."

"ಹಿಂಗಾ?" ಅಂಗಡಿಯವಳು ತಲೆಯ ಮೇಲೆ ಬಿದ್ದ ಸುಣ್ಣದ ಪುಡಿ ಕೊಡವಿಕೊಂಡಳು. "ಕಾಲಿಗೆ ಸರಿಯಾಯ್ತಾ? ನಡೆದು ನೋಡಿ."

ಮೇಡಂ ಎದ್ದು ನಾಲ್ಕು ಹೆಜ್ಜೆ ಹಾಕಿದರು. ಹೊಸ ಶೂ ಕಿರ್ ಎಂದಿತು. ಅಷ್ಟರಲ್ಲಿ ಪರಿಶೀಲಕರು ಮೆಟ್ಟಿಲಿಳಿದು ಬಂದು ಅಂಗಡಿಯ ಬಾಗಿಲಲ್ಲಿ ನಿಂತರು.

"ಈಗ ನೀವು ಸಹಿ ಹಾಕಬಹುದು ಮೇಡಂ," ಎಂದರು. "ನಡುವೆ ಒಂದು ಕಡೆ ಎಡವಿದ್ರು. ಒಬ್ಬರು ಏನೋ ಕೇಳಿದ್ದಕ್ಕೆ, ಗೊತ್ತಿಲ್ಲ, ನಾಳೆ ಹೇಳ್ತೀನಿ ಅಂದ್ರು. ನಾನು ಅದಕ್ಕೂ ಅಂಕ ಕೊಟ್ಟೆ."

"ಅವಳೆಲ್ಲಿ?"

"ಒಳಗೇ ಇದಾರೆ. ಪಾಠ ಮುಗೀತು ಅಂದ್ರೂ ಯಾರೂ ಏಳ್ತಾ ಇಲ್ಲ."

ಮೇಡಂ ಹಾಗೇ ಮೆಟ್ಟಿಲು ಹತ್ತಿದರು, ಎಡಗಾಲಲ್ಲಿ ಅಂಗಡಿಯ ಶೂ, ಬಲಗಾಲಲ್ಲಿ ತಮ್ಮ ಹಳೆಯ ಚಪ್ಪಲಿ. ಅಂಗಡಿಯವಳು ಹಿಂದಿನಿಂದ ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಕೋಣೆಯ ಬಾಗಿಲು ಅರೆ ತೆರೆದಿತ್ತು. ಕುರ್ಚಿಗಳು ದಿಕ್ಕಾಪಾಲಾಗಿದ್ದವು. ಬೋರ್ಡಿನ ಮುಂದೆ ಯಾರೂ ಇರಲಿಲ್ಲ. ಹೊಲಿಗೆಯವಳು ಕೂತಲ್ಲೇ, ಒಂದೊಂದೇ ಪದ ಹುಡುಕಿ ತೆ‌ಗೆಯುತ್ತ, ನಿನ್ನೆ ಯಾರೋ ಕೋಟು ಹೊಲಿಸಲು ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹೇಳುತ್ತ ನಿಲ್ಲುತ್ತಿದ್ದಳು, ಕೈಯಲ್ಲಿ ತೋಳಿನ ಅಳತೆ ತೋರಿಸುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. ಅವಳ ಎದುರಿನ ಕುರ್ಚಿಯಲ್ಲಿ ನಾದಿನಿ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಗಳ ನಡುವೆ ಸೇರಿಸಿಕೊಂಡು ಕೂತಿದ್ದಳು.

ಮೇಡಂ ಒಳಗೆ ಹೆಜ್ಜೆಯಿಡಲು ಹೋದರು. ಶೂ ಕಿರುಗುಟ್ಟಿತು. ತಕ್ಷಣ ಆ ಕಾಲನ್ನು ನೆಲದಿಂದ ಸ್ವಲ್ಪ ಮೇಲೆತ್ತಿ, ಬಾಗಿಲ ಚೌಕಟ್ಟನ್ನು ಹಿಡಿದು, ಹಳೆಯ ಚಪ್ಪಲಿಯ ಒಂದೇ ಕಾಲಿನ ಮೇಲೆ ನಿಂತುಕೊಂಡರು.